ಮುಖ ನೋಡಿ ಹಾಜರಿ ಹಾಕುವ ಮೆಷಿನ್: ಆರು ತಿಂಗಳು ಬಳಸಿದ ಮೇಲೆ

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಗಾರ್ಮೆಂಟ್ಸ್. ಸುಮಾರು 300 ಜನ, ಜಾಸ್ತಿ ಹೆಂಗಸರೇ. ನಾನು ಅಲ್ಲೇ ಏಳು ವರ್ಷ ಹೊಲಿಗೆ ಲೈನ್‌ನಲ್ಲಿದ್ದವಳು, ಈಗ ಎರಡು ವರ್ಷದಿಂದ ಹಾಜರಿ ಲೆಕ್ಕ ನೋಡುವ ಟೈಮ್ ಆಫೀಸ್‌ನಲ್ಲಿದ್ದೇನೆ. ಮೆಷಿನ್ ಕಂಪನಿಯ ಹೆಸರು ಬರೆಯುವುದಿಲ್ಲ. ನೀವು ಯಾವುದನ್ನು ತಂದರೂ ನಾನು ಕೆಳಗೆ ಹೇಳುವುದನ್ನು ಒಮ್ಮೆ ನೋಡಿಕೊಳ್ಳಿ.

ಮೆಷಿನ್ ಚೆನ್ನಾಗಿದೆ. ಹಿಂದೆ ಬೆರಳು ಒತ್ತುವುದಿತ್ತು. ಸೂಜಿ ಚುಚ್ಚಿ, ಪಾತ್ರೆ ತಿಕ್ಕಿ ಸವೆದ ಬೆರಳನ್ನು ಅದು ಓದುತ್ತಲೇ ಇರಲಿಲ್ಲ, ಸೆರಗಿಗೆ ಒರೆಸಿ ಮತ್ತೆ ಮತ್ತೆ ಒತ್ತುವಷ್ಟರಲ್ಲಿ ಹಿಂದೆ ಕ್ಯೂ ಗೇಟ್‌ವರೆಗೆ ಬೆಳೆದಿರುತ್ತಿತ್ತು. ಇದಕ್ಕೆ ಮುಖ ತೋರಿಸಿದರೆ ಸಾಕು. ಕರೆಂಟ್ ಹೋದರೂ ನಡೆಯುತ್ತೆ. ಮೊದಲು ಪೂರ್ವದ ಬಾಗಿಲಿಗೆ ಎದುರಾಗಿ ಹಾಕಿಸಿದ್ದೆವು, ಬೆಳಗಿನ ಬಿಸಿಲು ಕ್ಯಾಮೆರಾಗೇ ಹೊಡೆದು ಯಾರ ಮುಖವೂ ಗೊತ್ತಾಗುತ್ತಿರಲಿಲ್ಲ. ಜಾಗ ಬದಲಿಸಿದ ಮೇಲೆ ಸರಿಹೋಯಿತು. ಬಟ್ಟೆ ಧೂಳು ಕೂರುತ್ತೆ, ದಿನಾ ಒರೆಸಬೇಕು. ಅಷ್ಟೇ.

ತೊಂದರೆ ಇದ್ದದ್ದು ಸೆಟ್ಟಿಂಗ್‌ನಲ್ಲಿ. ಹಾಕಿಕೊಡಲು ಬಂದ ಹುಡುಗ ಸಾಫ್ಟ್‌ವೇರ್‌ನಲ್ಲಿ ಲೇಟ್ ರೂಲ್ ಅಂತ ಒಂದನ್ನು ಆನ್ ಮಾಡಿ ಹೋದ: ತಿಂಗಳಿಗೆ ಮೂರು ಸಲ ಲೇಟ್ ಆದರೆ ಅರ್ಧ ದಿನದ ಸಂಬಳ ಕಟ್. ಮೇಲಿನವರು ಸರಿ ಅಂದರು. ತಿಂಗಳ ಕೊನೆಗೆ ಲಿಸ್ಟ್ ತಾನಾಗೇ ಬರುತ್ತೆ. ಅದನ್ನು ಹಿಡಿದು ಒಂದೊಂದೇ ಲೈನ್‌ಗೆ ಹೋಗಿ, ಹೆಸರು ಕರೆದು, ಸಹಿ ಹಾಕಿಸಿಕೊಂಡು ಬರುವ ಕೆಲಸ ನನ್ನದು.

ಸಹಿ ಹಾಕುವ ಒಬ್ಬೊಬ್ಬರ ಮನೆ ಕಥೆಯೂ ನನಗೆ ಗೊತ್ತು. ಪಾಂಡವಪುರದ ಕಡೆಯಿಂದ ಬರುವ ಅಕ್ಕ ಒಬ್ಬರಿದ್ದಾರೆ. ನಾಲ್ಕು ಗಂಟೆಗೆ ಎದ್ದು ಮುದ್ದೆ ತೊಳಸಿಟ್ಟು ಹೊರಡುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜ್ ಉಳಿದು ಮಗಳ ಟ್ಯೂಷನ್‌ಗೆ ಆಯಿತು ಅಂತ ಖುಷಿಯಿಂದ ಹೇಳಿಕೊಂಡಿದ್ದವರು. ಆದರೆ ಬೆಳಗಿನ ಬಸ್ಸು ತುಂಬಿದ್ದರೆ ಮುಂದಿನದಕ್ಕೆ ಕಾಯಲೇಬೇಕು ಅಲ್ವಾ? ನಾನು ಲೈನ್‌ನಲ್ಲಿದ್ದಾಗ ದಿನಾ ಅವರ ಡಬ್ಬಿಯ ಉಪ್ಸಾರು ತಿಂದವಳು. ‘ಬಾರವ್ವ, ಉಣ್ಣಾಣ’ ಅಂತ ಕರೆಯುತ್ತಿದ್ದರು. ಮೊದಲ ತಿಂಗಳ ಲಿಸ್ಟ್ ಅವರ ಮುಂದೆ ಹಿಡಿದಾಗ ಏನೂ ಕೇಳಲಿಲ್ಲ, ಸಹಿ ಹಾಕಿ ‘ಆಯ್ತು ಮೇಡಂ’ ಅಂದರು.

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಮೇಲೆ ನಾನು ಕ್ಯಾಂಟೀನ್‌ಗೆ ಹೋದರೆ ಮಾತು ನಿಲ್ಲುತ್ತಿತ್ತು. ಇನ್ನೊಬ್ಬಳು ಮುಖಕ್ಕೇ ಕೇಳಿದಳು, ‘ನೀನೂ ಅದೇ ಬಸ್‌ನಲ್ಲಿ ನೇತಾಡಿಕೊಂಡು ಬಂದವಳೇ ಅಲ್ವೇನೇ?’ ಆಯುಧ ಪೂಜೆ ದಿನ ಎಲ್ಲರೂ ತಮ್ಮ ತಮ್ಮ ಹೊಲಿಗೆ ಮೆಷಿನ್‌ಗೆ ಅರಿಶಿನ ಕುಂಕುಮ ಇಟ್ಟು ಹೂ ಮುಡಿಸಿದರು. ಈ ಮೆಷಿನ್‌ಗೆ ನಾನೊಬ್ಬಳೇ ಇಟ್ಟೆ. ತಿಂಗಳ ಕೊನೆ ಹತ್ತಿರ ಬಂದರೆ ಊಟ ಸೇರುತ್ತಿರಲಿಲ್ಲ, ಮನೆಯಲ್ಲಿ ಮಗನ ಮೇಲೆ ಸುಮ್ಸುಮ್ನೆ ರೇಗುತ್ತಿದ್ದೆ. ರೂಲ್ ಮಾಡಿದ್ದು ನಾನಲ್ಲ ಅಂತ ಎಷ್ಟು ಸಲ ಅಂದುಕೊಂಡರೂ ಸಮಾಧಾನ ಆಗಲಿಲ್ಲ, ಯಾಕೆಂದರೆ ಅವರ ಕಣ್ಣಿಗೆ ಕಾಣುವುದು ನಾನೇ.

ಕೊನೆಗೆ ಕಾನೂನು ಏನಿದೆ ಅಂತ ಹುಡುಕಿ ಓದಿದೆ. 1936ರ ವೇತನ ಪಾವತಿ ಕಾಯ್ದೆಯಲ್ಲೂ, ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ಒಂದೇ ಮಾತಿದೆ: ಕೆಲಸಕ್ಕೆ ಇಲ್ಲದಿದ್ದಷ್ಟು ಹೊತ್ತಿನ ಸಂಬಳವನ್ನು ಮಾತ್ರ ಹಿಡಿಯಬಹುದು, ಅದಕ್ಕಿಂತ ಜಾಸ್ತಿ ಹಿಡಿಯುವಂತಿಲ್ಲ. ಲೆಕ್ಕ ಹಾಕಿ ನೋಡಿ. ತಿಂಗಳಿಗೆ 13,000, ದಿನ 26 ಅಂದರೆ ದಿನಕ್ಕೆ 500 ರೂಪಾಯಿ. ಎಂಟು ಗಂಟೆ ಕೆಲಸ. 20 ನಿಮಿಷದಂತೆ ಮೂರು ಸಲ ಲೇಟ್ ಆದರೆ ಹೋಗಿದ್ದು ಒಂದು ಗಂಟೆ, ಅಂದರೆ 62 ರೂಪಾಯಿ 50 ಪೈಸೆ. ನಾವು ಹಿಡಿಯುತ್ತಿದ್ದದ್ದು 250.

ಇದನ್ನು ಒಂದು ಹಾಳೆಯಲ್ಲಿ ಬರೆದು ಮ್ಯಾನೇಜರ್ ಮುಂದಿಟ್ಟೆ. ಕೈ ನಡುಗುತ್ತಿತ್ತು. ಅವರು ಎರಡು ದಿನ ಬಿಟ್ಟು ಕರೆದು, ಬದಲಿಸಿ ಅಂದರು. ಅದೇ ಸಾಫ್ಟ್‌ವೇರ್‌ನಲ್ಲಿ ನಿಮಿಷದ ಲೆಕ್ಕಕ್ಕೆ ಹಾಕುವುದು ಮೊದಲಿಂದಲೂ ಇತ್ತು, ಹತ್ತು ನಿಮಿಷದವರೆಗಿನ ಲೇಟನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವುದೂ ಇತ್ತು. ಐದು ನಿಮಿಷದ ಕೆಲಸ! ನಾಲ್ಕು ತಿಂಗಳು ಯಾರೂ ಆ ಪುಟ ತೆರೆದು ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಮೆಷಿನ್ ತಂದರೆ ಮೊದಲ ಸಂಬಳ ಹಾಕುವ ಮುಂಚೆಯೇ ಲೇಟ್ ರೂಲ್ ಏನಿದೆ ನೋಡಿ. ಲಿಸ್ಟ್ ಕೊಟ್ಟು ಒಬ್ಬರನ್ನೇ ಲೈನ್‌ಗೆ ಕಳಿಸಬೇಡಿ, ರೂಲ್ ಒಪ್ಪಿದವರೂ ಜೊತೆಗೆ ಹೋಗಲಿ. ನಮ್ಮಲ್ಲಿ ಈಗ ಸೂಪರ್‌ವೈಸರ್ ಬರುತ್ತಾರೆ, ಕೇಳಿದ್ದಕ್ಕೆ ಅವರೇ ಉತ್ತರ ಕೊಡುತ್ತಾರೆ, ನನ್ನ ಎದೆ ಭಾರ ಎಷ್ಟೋ ಇಳಿದಿದೆ.

ಮೆಷಿನ್‌ಗೆ ಐದರಲ್ಲಿ ನಾಲ್ಕು ಸ್ಟಾರ್. ಹಾಕಿಕೊಟ್ಟು ಹೋದ ರೀತಿಗೆ ಒಂದು.

ಅಕ್ಕ ಇನ್ನೂ ಮೇಡಂ ಅಂತಲೇ ಕರೆಯುತ್ತಾರೆ. ಆ ನಾಲ್ಕು ತಿಂಗಳಲ್ಲಿ ಜಾಸ್ತಿ ಹಿಡಿದ ದುಡ್ಡಿನ ಲೆಕ್ಕವನ್ನು ಹೆಸರಿನ ಸಮೇತ ಮಾಡಿ ಕೊಟ್ಟಿದ್ದೇನೆ. ಮುಂದಿನ ಸಂಬಳದಲ್ಲಿ ಸೇರಿಸುತ್ತೇವೆ ಅಂದಿದ್ದಾರೆ. ಬಂತೋ ಇಲ್ಲವೋ ಅಂತ ಇಲ್ಲೇ ಬರೆಯುತ್ತೇನೆ.