ಹ್ಯಾಂಕ್ ವಿಲಿಯಮ್ಸ್ ಸಹಿ ಇರುವ ಎಲ್‌ಪಿ ಅಂತ ಯಾರಾದರೂ ಬಂದರೆ, ಮೊದಲು ಸ್ಕೇಲ್ ಹಿಡಿಯಿರಿ

ದುಡ್ಡು ಹೋಯಿತು. 1,400 ಡಾಲರ್. ವಾಪಸ್ ಬರುವುದಿಲ್ಲ ಅಂತ ಖಾತ್ರಿಯಾದ ಮೇಲೆ ಬರೆಯುತ್ತಿದ್ದೇನೆ. ಅಮೆರಿಕದಲ್ಲಿ ಹಳೇ ರೆಕಾರ್ಡ್ ಹುಡುಕುವ ಕನ್ನಡದವರು ಕೆಲವರಾದರೂ ಇದ್ದೀರಿ, ಊರಲ್ಲಿ ಕೂತು ಇಲ್ಲಿಂದ ತರಿಸಿಕೊಳ್ಳುವವರೂ ಇದ್ದೀರಿ. ಒಬ್ಬ ಆಸಾಮಿ ಅಮೆರಿಕದ ಹಳೇ ಕಂಟ್ರಿ ಹಾಡುಗಾರ ಹ್ಯಾಂಕ್ ವಿಲಿಯಮ್ಸ್ ಸಹಿ ಹಾಕಿದ ಎಲ್‌ಪಿ, ಅಂದರೆ ಹಲವು ಹಾಡು ಹಿಡಿಸುವ ರೆಕಾರ್ಡ್, ಅಂತ ಮಾರುತ್ತಿದ್ದಾನೆ. ಕನ್ನಡದವನೇ. ಹೆಸರು ಹಾಕುವುದಿಲ್ಲ. ಹೆಸರನ್ನು ನಾಳೆ ಬದಲಾಯಿಸಿಕೊಳ್ಳುತ್ತಾನೆ, ಮಾಲು ಬದಲಾಗುವುದಿಲ್ಲ. ಮಾಲನ್ನು ಗುರುತಿಸುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ಇಸವಿಗಳ ಲೆಕ್ಕ. ಇದೊಂದು ಗೊತ್ತಿದ್ದರೆ ಅರ್ಧ ಮೋಸ ಅಲ್ಲೇ ನಿಲ್ಲುತ್ತದೆ. ಹ್ಯಾಂಕ್ ಹುಟ್ಟಿದ್ದು 1923ರ ಸೆಪ್ಟೆಂಬರ್ 17, ಅಲಬಾಮಾದ ಮೌಂಟ್ ಆಲಿವ್‌ನಲ್ಲಿ. ಮೊದಲ ರೆಕಾರ್ಡಿಂಗ್ 1946ರ ಡಿಸೆಂಬರ್‌ನಲ್ಲಿ, ಸ್ಟರ್ಲಿಂಗ್ ಎಂಬ ಸಣ್ಣ ಕಂಪನಿಗೆ. 1947ರಿಂದ ಎಂಜಿಎಂ ಕಂಪನಿ. 1949ರಲ್ಲಿ ‘ಲವ್‌ಸಿಕ್ ಬ್ಲೂಸ್’ ಊರೆಲ್ಲ ಹಬ್ಬಿ, ಜೂನ್ 11ಕ್ಕೆ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಓಪ್ರಿ ಎಂಬ ಹೆಸರಾಂತ ರೇಡಿಯೋ ಕಾರ್ಯಕ್ರಮದ ವೇದಿಕೆ. ಕುಡಿತ ವಿಪರೀತವಾಗಿ 1952ರ ಆಗಸ್ಟ್‌ನಲ್ಲಿ ಓಪ್ರಿಯವರು ತೆಗೆದುಹಾಕಿದರು, ಶ್ರೀವ್‌ಪೋರ್ಟ್‌ನ ಇನ್ನೊಂದು ರೇಡಿಯೋ ಕಾರ್ಯಕ್ರಮ ಲೂಸಿಯಾನಾ ಹೇರೈಡ್‌ಗೆ ಮರಳಿದ. 1953ರ ಜನವರಿ 1ರಂದು ಓಹಾಯೋದ ಕ್ಯಾಂಟನ್‌ನಲ್ಲಿ ಹಾಡಬೇಕಿತ್ತು. ದಾರಿಯಲ್ಲೇ, ಕ್ಯಾಡಿಲಾಕ್ ಕಾರಿನ ಹಿಂದಿನ ಸೀಟಿನಲ್ಲಿ ಜೀವ ಹೋಯಿತು. 29 ವರ್ಷ ವಯಸ್ಸು.

ಅಂದರೆ ರೆಕಾರ್ಡಿಂಗ್ ಬದುಕು ಹೆಚ್ಚುಕಮ್ಮಿ ಆರು ವರ್ಷ. ಈ ಆರು ವರ್ಷದಲ್ಲಿ ಬಂದದ್ದು 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ತಟ್ಟೆಗಳು, ಆಮೇಲೆ ಜೊತೆಜೊತೆಗೆ 45 ಸುತ್ತಿನವು. ಎಲ್‌ಪಿ ಎರಡೇ ಎರಡು: 1951ರ ‘ಹ್ಯಾಂಕ್ ವಿಲಿಯಮ್ಸ್ ಸಿಂಗ್ಸ್’, 1952ರ ‘ಮೋನಿನ್ ದ ಬ್ಲೂಸ್’. ಎರಡೂ 10 ಇಂಚಿನವು. ಒಂದೊಂದರಲ್ಲಿ ಎಂಟೆಂಟು ಹಾಡು. ಅವನ ಹೆಸರಿನ 12 ಇಂಚಿನ ಎಲ್‌ಪಿಯನ್ನು ಹ್ಯಾಂಕ್ ಕಣ್ಣಿಂದ ನೋಡೇ ಇಲ್ಲ. ಮತ್ತೊಮ್ಮೆ ಹೇಳುತ್ತೇನೆ, ನೋಡೇ ಇಲ್ಲ.

ನಿದ್ದೆಯಿಂದ ಎಬ್ಬಿಸಿ ಕೇಳಿದ್ದರೂ ಇದನ್ನು ಹೇಳುತ್ತಿದ್ದೆ. ಹೊಟ್ಟೆ ಉರಿಯುವುದು ಅದಕ್ಕೇ.

ಆಸಾಮಿ ನನಗೆ ಮಾರಿದ್ದು ‘ಮೋನಿನ್ ದ ಬ್ಲೂಸ್’. ಹೆಸರು ಸರಿ, 1952ರದ್ದು ಅನ್ನುವುದೂ ಸರಿ, ಆಗ ಹ್ಯಾಂಕ್ ಬದುಕಿದ್ದ. ಲೇಬಲ್ಲಿನ ಹಳದಿ ಬಣ್ಣವೂ ಸರಿ. ನಾನು ಸಿಕ್ಕಿಬಿದ್ದದ್ದು ಎಲ್ಲಿ ಅಂದರೆ, 10 ಇಂಚಿನ ಎಲ್‌ಪಿಗಳ ಕಾಲ ಮುಗಿದ ಮೇಲೆ ಎಂಜಿಎಂ ಅದೇ ಹೆಸರಿನಲ್ಲಿ ಇನ್ನಷ್ಟು ಹಾಡು ಸೇರಿಸಿ 12 ಇಂಚಿನದನ್ನು ಹೊರತಂದಿತು. ಅಷ್ಟರಲ್ಲಿ ಹ್ಯಾಂಕ್ ಸತ್ತು ವರ್ಷಗಳೇ ಆಗಿದ್ದವು. ಚಿಕ್ಕದರ ಸಂಖ್ಯೆ ಇ-168, ಮೂರಂಕಿ. ದೊಡ್ಡದರದ್ದು ಇ3330, ನಾಲ್ಕಂಕಿ. ಆಸಾಮಿ ಕಳಿಸಿದ ಲೇಬಲ್ ಫೋಟೋದಲ್ಲಿ ಸರಿಯಾಗಿ ಆ ಸಂಖ್ಯೆಯ ಮೇಲೇ ಬಲ್ಬಿನ ಹೊಳಪು ಬಿದ್ದಿತ್ತು. ಆಕಸ್ಮಿಕ ಅಂದುಕೊಂಡೆ.

ಸಹಿಯ ಫೋಟೋ ಹತ್ತಿರದಿಂದ ಮೂರು, ಕವರಿನ ಮೇಲಿನ ಎಲ್‌ಪಿ ಹೆಸರಿನದ್ದು ಒಂದು, ಲೇಬಲ್ಲಿನದ್ದು ಒಂದು. ಪೂರ್ತಿ ಕವರಿನದ್ದು ಒಂದೂ ಇಲ್ಲ. ಕೇಳಿದ್ದಕ್ಕೆ, "ಕಳಿಸ್ತೀನಿ ಸಾರ್, ಮನೇಲಿ ಲೈಟಿಂಗ್ ಸರಿ ಇಲ್ಲ, ನಾಳೆ ಬಿಸಿಲಲ್ಲಿ ತೆಗೀತೀನಿ." ಮಾರನೇ ದಿನ ಫೋಟೋ ಬರಲಿಲ್ಲ, ಇದು ಬಂತು: "ಡಲ್ಲಾಸಿಂದ ಒಬ್ರು ಕೇಳ್ತಾ ಇದ್ದಾರೆ ಸಾರ್. ಆದ್ರೆ ನಮ್ಮವರಿಗೇ ಸಿಗಲಿ ಅಂತ ನಿಮಗೆ ಇಟ್ಟಿದ್ದೀನಿ." ಕಾರ್ಡಿನಲ್ಲಿ ಕೊಡುತ್ತೇನೆ ಅಂದಾಗ, "3 ಪರ್ಸೆಂಟ್ ಸುಮ್ನೆ ಕಂಪ್ನಿಯವರಿಗೆ ಯಾಕೆ ಸಾರ್, ನೇರ ಬ್ಯಾಂಕಿಗೇ ಹಾಕಿಬಿಡಿ." ನಮ್ಮವರು! 42 ಡಾಲರ್ ಉಳಿಸಿಕೊಟ್ಟ ಪುಣ್ಯಾತ್ಮ.

ಬೆಲೆಯಲ್ಲೂ ಎಚ್ಚರ ಆಗಬೇಕಿತ್ತು. ಹ್ಯಾಂಕ್‌ನ ಅಸಲಿ ಸಹಿ ಹರಾಜಿಗೆ ಬಂದರೆ ಹಲವು ಸಾವಿರ ಡಾಲರ್ ಮಾತು. ಆರೇ ವರ್ಷದ ಬದುಕು, ಅದರಲ್ಲೂ ಜನ ಸಹಿ ಹಾಕಿಸಿಕೊಂಡದ್ದು ಹೆಚ್ಚಾಗಿ ಫೋಟೋ, ಹಾಡಿನ ಪುಸ್ತಕ, ಕೈಗೆ ಸಿಕ್ಕ ಚೀಟಿಯ ಮೇಲೆ. ಎಲ್‌ಪಿ ಕವರಿನ ಮೇಲೆ ಸಹಿ ಅಂದರೆ ಅಪರೂಪದಲ್ಲಿ ಅಪರೂಪ, ಅದು 1,400ಕ್ಕೆ ಬರುವುದಿಲ್ಲ. ಹೆಚ್ಚು ಕೇಳಿದ್ದರೆ ಅನುಮಾನ ಬರುತ್ತಿತ್ತು, ಕಡಿಮೆ ಕೇಳಿದ್ದರೂ ಬರುತ್ತಿತ್ತು. ಎಷ್ಟು ಕೇಳಿದರೆ ಆಸೆ ಬುದ್ಧಿಯನ್ನು ಗೆಲ್ಲುತ್ತದೆ ಅಂತ ಅವನಿಗೆ ಗೊತ್ತು.

ಇನ್ನು ಆ ಗಳಿಗೆ. ಪಾರ್ಸೆಲ್ ಬರುವ ಮೊದಲೇ 10 ಇಂಚಿನ ರೆಕಾರ್ಡಿಗೆ ಹಾಕುವ ಪ್ಲಾಸ್ಟಿಕ್ ಕವರು ತರಿಸಿ ಇಟ್ಟಾಗಿತ್ತು, 10 ಇಂಚಿನದೇ ಅಂತ ಗೊತ್ತಿತ್ತಲ್ಲ. ಡಬ್ಬ ಬಿಚ್ಚಿ, ಸಹಿ ನೋಡಿ, ಕೈ ಒರೆಸಿಕೊಂಡು, ಪ್ಲಾಸ್ಟಿಕ್ ಕವರಿಗೆ ತೂರಿಸಲು ಹೋದರೆ ಹೋಗುತ್ತಿಲ್ಲ. ತಿರುಗಿಸಿ ತೂರಿಸಿದ್ದಾಯಿತು. ಹೋಗುತ್ತಿಲ್ಲ. ಕವರೇ ತಪ್ಪು ಸೈಜಿಂದು ಕಳಿಸಿದ್ದಾರೆ ಅಂತ ಆ ಅಂಗಡಿಯವರನ್ನು ಬೈದದ್ದೂ ಆಯಿತು. ಎರಡು ಇಂಚು ಹೊರಗೇ ನಿಂತಿತ್ತು. ಆ ಎರಡು ಇಂಚು ನೋಡಿಕೊಂಡು ಎಷ್ಟು ಹೊತ್ತು ನಿಂತೆನೋ. ನಾಲ್ಕೂ ಬದಿ 12 ಇಂಚಿನ ಕವರು, ಮೇಲೆ ಸತ್ತವನ ಸಹಿ.

ಆಮೇಲೆ ಒಂದೊಂದಾಗಿ ಎಲ್ಲ ಕಾಣತೊಡಗಿತು. ಕೊಳ್ಳುವ ಮೊದಲು ನೀವು ನೋಡಬೇಕಾದದ್ದೂ ಇದೇ.

ಪೆನ್ನು. ಹ್ಯಾಂಕ್ ಕಾಲದಲ್ಲಿ ಇದ್ದದ್ದು ಪೆನ್ಸಿಲ್, ಇಂಕ್ ಪೆನ್, ಬಾಲ್ ಪೆನ್. ಬಾಲ್ ಪೆನ್ ಅಮೆರಿಕದ ಅಂಗಡಿಗೆ ಬಂದದ್ದೇ 1945ರಲ್ಲಿ. ಸಣ್ಣ ತುದಿಯ ಸ್ಕೆಚ್ ಪೆನ್ 1960ರ ದಶಕದ ಸರಕು. ಶಾರ್ಪಿ ಎಂಬ ಮಾರ್ಕರ್ ಬಂದದ್ದು 1964ರಲ್ಲಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಕನ್ನಡಿ ಸಾಕು. ಬಾಲ್ ಪೆನ್ ಆದರೆ ಕಾಗದದಲ್ಲಿ ಸಣ್ಣ ಗೀರು ಕೊರೆದಿರುತ್ತದೆ, ಟಾರ್ಚನ್ನು ಪಕ್ಕದಿಂದ ಮಲಗಿಸಿ ಹಿಡಿದರೆ ಅದರ ನೆರಳು ಕಾಣುತ್ತದೆ. ಇಂಕ್ ಪೆನ್ ಆದರೆ ಗೆರೆ ಒತ್ತಿದಲ್ಲಿ ದಪ್ಪ, ಎತ್ತಿದಲ್ಲಿ ತೆಳು, ಅಂಚು ಕಪ್ಪಾಗಿರುತ್ತದೆ. ಸ್ಕೆಚ್ ಪೆನ್ನಿನ ಗೆರೆ ಉದ್ದಕ್ಕೂ ಒಂದೇ ದಪ್ಪ, ಗೀರಿಲ್ಲ, ಶಾಯಿ ಕಾಗದದ ನಾರಿನೊಳಗೆ ಹರಡಿರುತ್ತದೆ. ನನಗೆ ಬಂದದ್ದು ಸ್ಕೆಚ್ ಪೆನ್.

ಸವೆತ. ಹಳೇ ಕವರಿನ ಮೇಲೆ ಒಳಗಿನ ತಟ್ಟೆಯ ಅಂಚು ಉಜ್ಜಿ ಉಂಗುರದ ಹಾಗೆ ಬಿಳಿ ಗುರುತು ಬೀಳುತ್ತದೆ. ಆಗ ಹಾಕಿದ ಸಹಿ ಆ ಗುರುತಿನ ಜೊತೆ ತಾನೂ ಸವೆದಿರಬೇಕು. ಇಲ್ಲಿ ಶಾಯಿ ಸವೆದ ಜಾಗದ ಬಿರುಕಿನೊಳಗೆ ಇಳಿದಿದೆ. ಅಂದರೆ ಮೊದಲು ಕವರು ಸವೆದಿದೆ, ಆಮೇಲೆ ಸಹಿ ಬಿದ್ದಿದೆ. ನನ್ನ ಲೆಕ್ಕದಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ, ಇದನ್ನು ಫೋಟೋದಲ್ಲೂ ನೋಡಬಹುದು.

ಅಳತೆ. ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ ಅಂದರೆ ಇವರು ಏನೇನೋ ನೆಪ ಹೇಳುತ್ತಾರೆ. ತಟ್ಟೆ ಪೂರ್ತಿ ಕಾಣುವ ಒಂದೇ ಒಂದು ಫೋಟೋ ಸಿಕ್ಕರೂ ಸಾಕು. ಎಲ್‌ಪಿಯ ನಡುವಿನ ಲೇಬಲ್ ಸುಮಾರು 4 ಇಂಚು, ಚಿಕ್ಕದರಲ್ಲೂ ದೊಡ್ಡದರಲ್ಲೂ. ಪರದೆಯ ಮೇಲೇ ಅಳೆಯಿರಿ: ತಟ್ಟೆಯ ಅಗಲ ಲೇಬಲ್ಲಿನ ಎರಡೂವರೆ ಪಟ್ಟಿದ್ದರೆ 10 ಇಂಚು, ಮೂರು ಪಟ್ಟಿದ್ದರೆ 12. ಲೇಬಲ್ಲಿನಲ್ಲಿ ಹಾಡು ಎಣಿಸಿ. ಒಂದು ಬದಿಗೆ ನಾಲ್ಕಕ್ಕಿಂತ ಹೆಚ್ಚಿದ್ದರೆ ಅದು ಹ್ಯಾಂಕ್ ಕಂಡ ತಟ್ಟೆ ಅಲ್ಲ.

ಜೊತೆಗೆ ‘ಫ್ರೀ’ಯಾಗಿ ಒಂದು ಫೋಟೋ ಇಟ್ಟಿದ್ದ, ಅದರ ಮೇಲೂ ಸಹಿ. ಹಿಂಬದಿಯಲ್ಲಿ ನ್ಯಾಶ್‌ವಿಲ್ ಸ್ಟುಡಿಯೋದ ರಬ್ಬರ್ ಸ್ಟಾಂಪ್, ವಿಳಾಸದ ಕೊನೆಗೆ ಐದಂಕಿಯ ಪಿನ್. ಅಮೆರಿಕಕ್ಕೆ ಐದಂಕಿಯ ಜಿಪ್ ಕೋಡ್ ಬಂದದ್ದು 1963ರಲ್ಲಿ. ಅದಕ್ಕೂ ಮೊದಲು ದೊಡ್ಡ ಊರುಗಳಲ್ಲಿ ಊರಿನ ಹೆಸರಿನ ಪಕ್ಕ ಒಂದೋ ಎರಡೋ ಅಂಕಿಯ ವಲಯ ಸಂಖ್ಯೆ ಬರೆಯುತ್ತಿದ್ದರು, ಅಷ್ಟೆ. ಹತ್ತು ವರ್ಷದ ಹಿಂದೆ ತೀರಿಕೊಂಡವನು ಇದಕ್ಕೆ ಯಾವ ಲೋಕದಿಂದ ಬಂದು ಸಹಿ ಹಾಕಿದ? ಅಚ್ಚಾದ ಸಹಿಯ ಫೋಟೋಗಳೂ ಇರುತ್ತವೆ, ಭೂತಕನ್ನಡಿಯಲ್ಲಿ ಗೆರೆ ಚುಕ್ಕಿಚುಕ್ಕಿಯಾಗಿ ಒಡೆದರೆ ಅದು ಅಚ್ಚು.

ಕಾಗದಪತ್ರ. "1952ರ ನವೆಂಬರ್‌ನಲ್ಲಿ ಗ್ರ್ಯಾಂಡ್ ಓಲ್ ಓಪ್ರಿಯ ಹಿಂಬಾಗಿಲಲ್ಲಿ ನಮ್ಮ ಅತ್ತೆಗೆ ಹಾಕಿಕೊಟ್ಟದ್ದು" ಅಂತ ಯಾವಳೋ ಅಜ್ಜಿಯ ಹೆಸರಿನ ಪತ್ರ. ಆಗಸ್ಟ್‌ನಲ್ಲೇ ಆಚೆ ಹಾಕಿಸಿಕೊಂಡವನು ನವೆಂಬರ್‌ನಲ್ಲಿ ಓಪ್ರಿಯಲ್ಲಿ ಏನು ಮಾಡುತ್ತಿದ್ದ? ಜೊತೆಗೆ ಮಿಂಚುವ ಹಾಲೋಗ್ರಾಮ್ ಅಂಟಿಸಿದ ಪ್ರಮಾಣಪತ್ರ. ಕೆಳಗೆ ರುಜು ಮಾಡಿದ್ದು ಮಾರಿದವನೇ. ತಾನೇ ಮಾರಿ, ತಾನೇ ಅಸಲಿ ಅಂತ ಬರೆದುಕೊಟ್ಟರೆ ಅದಕ್ಕೆ ಏನು ಬೆಲೆ? ಹ್ಯಾಂಕ್‌ನ ಕಥೆಯಲ್ಲೂ ಇಂಥ ಒಂದು ಕಾಗದ ಇದೆ. ಬೆನ್ನುಹುರಿಯ ಹುಟ್ಟುದೋಷದ ನೋವು ತಡೆಯಲಾರದೆ ಕೊನೆಯ ತಿಂಗಳುಗಳಲ್ಲಿ ಅವನು ನಂಬಿದ್ದು ಟೋಬಿ ಮಾರ್ಷಲ್ ಎಂಬ ‘ಡಾಕ್ಟರ’ನನ್ನು. ಅವನು ಫೋರ್ಜರಿ ಮಾಡಿ ಜೈಲು ಕಂಡವನು, ವೈದ್ಯ ಪದವಿಯ ಪತ್ರ ದುಡ್ಡು ಕೊಟ್ಟು ಕೊಂಡದ್ದು. ಅವನೇ ಕ್ಲೋರಲ್ ಹೈಡ್ರೇಟ್ ಎಂಬ ನಿದ್ದೆಮದ್ದು ಬರೆದುಕೊಡುತ್ತಿದ್ದ. ನನ್ನದು ದುಡ್ಡಷ್ಟೇ ಹೋಯಿತು.

ಇನ್ನು ಆಸಾಮಿಯ ಉತ್ತರಗಳು. ಒಂದಕ್ಷರ ಸೇರಿಸಿಲ್ಲ.

"ಇದು 12 ಇಂಚು ಇದೆ" ಅಂತ ಬರೆದೆ. "ಹೌದು ಸಾರ್, ದೊಡ್ಡದು ಬಂದಿದ್ರೆ ಒಳ್ಳೇದೇ ಅಲ್ವಾ?"

ಇದು ಹ್ಯಾಂಕ್ ಸತ್ತ ಮೇಲೆ ಬಂದ ತಟ್ಟೆ, ಅಂದೆ. ಎರಡು ದಿನ ಸದ್ದಿಲ್ಲ. ಮೂರನೇ ದಿನ: "ಆಗಿನ ಕಾಲದ ರೆಕಾರ್ಡಲ್ಲಿ ಇಸವಿ ಹೆಚ್ಚುಕಮ್ಮಿ ಇರುತ್ತೆ ಸಾರ್. ನೀವು ತುಂಬ ಡೀಪಾಗಿ ಹೋಗ್ತಿದ್ದೀರ."

ಪೆನ್ನಿನ ವಿಷಯ ಹೇಳಿದೆ. "ಸರ್ಟಿಫಿಕೇಟ್ ಇದೆಯಲ್ಲ ಸಾರ್."

ಜಿಪ್ ಕೋಡ್ ಹೇಳಿದೆ. "ಸರ್ಟಿಫಿಕೇಟ್ ಎಲ್‌ಪಿಗೆ ಸಾರ್, ಫೋಟೋ ಫ್ರೀ ಕೊಟ್ಟಿದ್ದು."

ದುಡ್ಡು ವಾಪಸ್ ಕೊಡಿ, ಇಲ್ಲದಿದ್ದರೆ ದೂರು ಕೊಡುತ್ತೇನೆ ಅಂದಾಗ ಬಂದದ್ದು ಇದು: "ಹಂಗಾದ್ರೆ ಮಗನ ಸಹಿ ಇರಬಹುದು ಸಾರ್. ಅವ್ರ ಹೆಸರೂ ಹ್ಯಾಂಕ್ ವಿಲಿಯಮ್ಸೇ ತಾನೆ. ಅದಕ್ಕೂ ಮಾರ್ಕೆಟ್ ಇದೆ." ಮಗ ಹ್ಯಾಂಕ್ ವಿಲಿಯಮ್ಸ್ ಜೂನಿಯರ್ ಹುಟ್ಟಿದ್ದು 1949ರಲ್ಲಿ. ಅಪ್ಪನ ಸಹಿ ಅಂತ ಮಾರಿ, ಸಿಕ್ಕಿಬಿದ್ದ ಮೇಲೆ ಮಗನ ಸಹಿ ಅನ್ನುವವನಿಗೆ ಏನು ಹೇಳುವುದು? ಇನ್ನೆರಡು ದಿನ ಬಿಟ್ಟಿದ್ದರೆ ಮೊಮ್ಮಗನದ್ದು ಅನ್ನುತ್ತಿದ್ದ.

ಕೊನೆಯ ಮೆಸೇಜು: "ಇಷ್ಟೆಲ್ಲಾ ಗೊತ್ತಿದ್ದವರು ಯಾಕೆ ಸಾರ್ ತಗೊಂಡ್ರಿ?" ಆಮೇಲೆ ಬ್ಲಾಕ್.

ಬ್ಯಾಂಕಿನವರು ಹೇಳಿದ್ದು ಎರಡೇ ಮಾತು: ದುಡ್ಡು ಕಳಿಸಿದ್ದು ನೀವೇ, ನಾವು ಏನೂ ಮಾಡಲಾಗುವುದಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ ಬಿಲ್ ಬಂದ 60 ದಿನದೊಳಗೆ ಬರಹದಲ್ಲಿ ತಕರಾರು ಹಾಕಲು ದಾರಿ ಇರುತ್ತಿತ್ತು. ಆ 3 ಪರ್ಸೆಂಟ್ ಕೊಡಿ. ಕಣ್ಣು ಮುಚ್ಚಿ ಕೊಡಿ. ಬೇರೆ ಸಂಸ್ಥೆಯ ಪ್ರಮಾಣಪತ್ರ ಇದೆ ಅಂದರೆ ಅದರ ಸಂಖ್ಯೆಯನ್ನು ಆ ಸಂಸ್ಥೆಯ ತಾಣಕ್ಕೆ ನೀವೇ ವಿಳಾಸ ಟೈಪ್ ಮಾಡಿ ಹೋಗಿ ನೋಡಿ, ಪತ್ರದ ಮೇಲಿನ ಕ್ಯೂಆರ್ ಹಿಡಿದು ಹೋಗಬೇಡಿ. ಇಲ್ಲಿ ಮೋಸ ಹೋದವರು ಎಫ್‌ಬಿಐನ ಐಸಿ3ಗೆ (ಇಂಟರ್ನೆಟ್ ಅಪರಾಧ ದೂರು ಕೇಂದ್ರ) ದೂರು ಹಾಕಬಹುದು, ಮಾಲು ಅಂಚೆಯಲ್ಲಿ ಬಂದಿದ್ದರೆ ಅಂಚೆ ಇಲಾಖೆಯ ತನಿಖಾ ವಿಭಾಗಕ್ಕೂ. ಊರಲ್ಲಿರುವವರು ದುಡ್ಡು ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕೂಡಲೇ ಅಂದರೆ ಕೂಡಲೇ, ನನ್ನ ಹಾಗೆ ಅವನ ಉತ್ತರಕ್ಕೆ ಒಂದು ವಾರ ಕಾಯಬೇಡಿ. ‘ನಮ್ಮವರು’ ಅನ್ನುವ ಮಾತು ಬಂದ ತಕ್ಷಣ ಪರ್ಸು ಒಳಗಿಡಿ.

ಈಗ ಅವನ ಹತ್ತಿರ ಹೊಸ ಮಾಲು ಬಂದಿದೆಯಂತೆ: ‘ಯುವರ್ ಚೀಟಿನ್ ಹಾರ್ಟ್’ನ 78 ತಟ್ಟೆ, ಲೇಬಲ್ಲಿನ ಮೇಲೇ ಸಹಿ. ಆ ಹಾಡನ್ನು ಹ್ಯಾಂಕ್ ನ್ಯಾಶ್‌ವಿಲ್‌ನಲ್ಲಿ ರೆಕಾರ್ಡ್ ಮಾಡಿದ್ದು 1952ರ ಸೆಪ್ಟೆಂಬರ್ 23ರಂದು. ತಟ್ಟೆ ಅಂಗಡಿಗೆ ಬಂದದ್ದು 1953ರ ಜನವರಿಯಲ್ಲಿ, ಅವನ ಮಣ್ಣಾದ ಮೇಲೆ. ಬೆಲೆ 900 ಡಾಲರ್. ನಮ್ಮವರಿಗೆ 850 ಅಂತೆ.