ಗ್ರೀಸಿನ ದ್ವೀಪದಲ್ಲಿ ಕೂತು ಟರ್ಕಿಯ ಬಿಲ್ ಕಟ್ಟಬೇಡಿ

ಬೇಸಿಗೆ ರಜೆಗೆ ಗ್ರೀಸಿನ ಪೂರ್ವದಂಚಿನ ದ್ವೀಪಗಳಿಗೆ, ಅಂದರೆ ಕೋಸ್, ರೋಡ್ಸ್, ಸಿಮಿ, ಸಾಮೋಸ್ ಕಡೆಗೆ ಹೊರಟವರು ಇದನ್ನು ಓದಿಕೊಂಡು ಹೋಗಿ. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೊರಟವರಂತೂ ದಯವಿಟ್ಟು ಪೂರ್ತಿ ಓದಿ. ಜೂನ್‌ನಲ್ಲಿ ನಾವು ಕೋಸ್‌ನಲ್ಲಿ ಐದು ದಿನ ಇದ್ದೆವು. ದ್ವೀಪ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಆದರೂ ಅಮ್ಮನ ಫೋನಿನ ಲೆಕ್ಕದಲ್ಲಿ ಟರ್ಕಿಯ ಡೇಟಾ ಎಂದು 203 ಯೂರೊ ಬಂತು. ನಮ್ಮ ರೂಪಾಯಿಯಲ್ಲಿ ಹತ್ತಿರ ಹತ್ತಿರ ಇಪ್ಪತ್ತು ಸಾವಿರ.

ನಾವಿರುವುದು ಮ್ಯೂನಿಕ್‌ನಲ್ಲಿ. ಅಪ್ಪ ಅಮ್ಮ ಸಾಗರದಿಂದ ಎರಡೂವರೆ ತಿಂಗಳಿಗೆಂದು ಬಂದಿದ್ದರು. ಹೊರಗೆ ಹೋದಾಗ ಕೈಯಲ್ಲಿ ಇಲ್ಲಿಯದೇ ನಂಬರ್ ಇರಲಿ ಎಂದು ನಮ್ಮ ಪ್ಲಾನಿಗೇ ಇನ್ನೊಂದು ಸಿಮ್ ಸೇರಿಸಿ ಅಮ್ಮನ ಫೋನಿಗೆ ಹಾಕಿಕೊಟ್ಟಿದ್ದೆ. ಯುರೋಪಿಯನ್ ಒಕ್ಕೂಟದೊಳಗೆ ಓಡಾಡುವವರಿಗೆ 2017ರ ಜೂನ್ 15ರಿಂದ ರೋಮಿಂಗ್ ಅಂತ ಬೇರೆ ದುಡ್ಡಿಲ್ಲ. ಜರ್ಮನಿಯಲ್ಲಿ ಯಾವ ದರವೋ ಗ್ರೀಸಿನಲ್ಲೂ ಅದೇ ದರ. 2022ರಲ್ಲಿ ಈ ನಿಯಮವನ್ನು 2032ರವರೆಗೆ ಮುಂದುವರಿಸಿದ್ದಾರೆ. ಇದನ್ನೇ ನಂಬಿಕೊಂಡು ನಾನು ಯಾರ ಫೋನಿನ ಸೆಟ್ಟಿಂಗ್ಸೂ ಮುಟ್ಟದೆ ವಿಮಾನ ಹತ್ತಿದೆ. ಗ್ರೀಸ್ ಒಕ್ಕೂಟದಲ್ಲಿದೆ, ಇನ್ನೇನು ಚಿಂತೆ ಅಂದುಕೊಂಡೆ.

ಕೋಸ್ ಊರಿನ ಉತ್ತರಕ್ಕೆ ಲಾಂಬಿ ಅಂತ ಇದೆ. ಕಡಲಿಗೆ ಮುಖ ಮಾಡಿದ ರೂಮು ಸಿಕ್ಕಿತ್ತು. ಬಾಲ್ಕನಿಯಲ್ಲಿ ನಿಂತರೆ ಎದುರಿಗೆ ಟರ್ಕಿಯ ಬೋಡ್ರಮ್ ಕಡೆಯ ಗುಡ್ಡಗಳು. ನಡುವಿನ ನೀರು ಕಿರಿದಾದ ಕಡೆ ನಾಲ್ಕೈದು ಕಿಲೋಮೀಟರ್ ಅಷ್ಟೇ. ಸಂಜೆಯ ಇಳಿಬಿಸಿಲು ನಮ್ಮ ಬೆನ್ನಿನ ಕಡೆಯಿಂದ ಹೋಗಿ ಆಚೆ ದಡದ ಬಿಳಿ ಮನೆಗಳ ಮೇಲೆ ಬೀಳುತ್ತಿತ್ತು. ಕಿಟಕಿಗಳನ್ನು ಎಣಿಸಬಹುದೇನೋ ಅನ್ನುವಷ್ಟು ಹತ್ತಿರ.

ಅಮ್ಮನಿಗೆ ದಿನಾ ಒಂದು ಹೊತ್ತು ಚಿಕ್ಕಮ್ಮನ ಹತ್ತಿರ ಮಾತಾಡಲೇಬೇಕು. ಕೋಸ್‌ನಲ್ಲಿ ಸಂಜೆ ಆರೂವರೆ ಅಂದರೆ ಊರಲ್ಲಿ ರಾತ್ರಿ ಒಂಬತ್ತು, ಚಿಕ್ಕಮ್ಮ ಊಟ ಮುಗಿಸಿ ಕೂತಿರುವ ಹೊತ್ತು. ಎರಡನೇ ದಿನ ಅಮ್ಮ ಬಾಲ್ಕನಿಯ ಕುರ್ಚಿಯಲ್ಲಿ ಕೂತು ವಿಡಿಯೊ ಕಾಲ್ ಹಚ್ಚಿದಳು. ಹೋಟೆಲಿನ ವೈಫೈ ರೂಮಿನೊಳಗೆ ಚೆನ್ನಾಗಿತ್ತು, ಬಾಗಿಲು ದಾಟಿದರೆ ಹೋಗಿಬಿಡುತ್ತಿತ್ತು. ನಾನು ಒಳಗಿದ್ದೆ. ಅಮ್ಮ ಫೋನನ್ನು ಎತ್ತಿ ಸಮುದ್ರದ ಕಡೆ ತಿರುಗಿಸಿ "ಅಲ್ಲಿ ಕಾಣ್ತದಲ್ಲೇ ಗುಡ್ಡ, ಅದು ಟರ್ಕಿಯಂತೆ" ಅನ್ನುತ್ತಿದ್ದದ್ದು ನನಗೆ ಕೇಳುತ್ತಿತ್ತು. ಆ ಹೊತ್ತಿಗಾಗಲೇ ಫೋನು ಆ ಗುಡ್ಡದ ಟವರನ್ನೇ ಹಿಡಿದಿತ್ತು.

ಮಾತಿನ ನಡುವೆ ಒಂದು ಮೆಸೇಜ್ ಬಂದಿದೆ. ಟರ್ಕಿಗೆ ಸ್ವಾಗತ, ಇಲ್ಲಿ ದರ ಇಷ್ಟು ಎಂದು, ಜರ್ಮನ್ ಭಾಷೆಯಲ್ಲಿ. ಅಮ್ಮನಿಗೆ ಕನ್ನಡ ಬರುತ್ತದೆ, ಇಂಗ್ಲಿಷ್ ಓದುತ್ತಾಳೆ. ಜರ್ಮನ್‌ನಲ್ಲಿ ಬರುವುದೆಲ್ಲ ಅವಳ ಪಾಲಿಗೆ ಜಾಹೀರಾತು, ಮೇಲಕ್ಕೆ ಸರಿಸಿಬಿಟ್ಟಳು. ಸ್ವಲ್ಪ ಹೊತ್ತಿಗೆ ಕಾಲ್ ನಿಂತುಹೋಯಿತು. ಒಕ್ಕೂಟದ ನಿಯಮದಲ್ಲಿ ಒಂದು ತಡೆ ಇದೆ: ರೋಮಿಂಗ್ ಡೇಟಾದ ಖರ್ಚು ತೆರಿಗೆ ಬಿಟ್ಟು 50 ಯೂರೊ ಮುಟ್ಟಿದರೆ ಕಂಪನಿ ಡೇಟಾ ನಿಲ್ಲಿಸಬೇಕು, ಗಿರಾಕಿ ಒಪ್ಪಿದರೆ ಮಾತ್ರ ಮುಂದುವರಿಸಬೇಕು. ಆ ತಡೆ ಸರಿಯಾಗಿಯೇ ಕೆಲಸ ಮಾಡಿತ್ತು. ಒಪ್ಪಿಗೆ ಕೇಳುವ ಮೆಸೇಜೂ ಬಂತು, ಅದೂ ಜರ್ಮನ್‌ನಲ್ಲೇ, ಕೆಳಗೊಂದು ಲಿಂಕ್. ಒತ್ತಿದರೆ ಒಂದು ಪುಟ, ಅದರಲ್ಲೊಂದು ಹಸಿರು ಬಟನ್.

"ನೆಟ್ ಹೋಯ್ತು. ಹಸಿರು ಬಟನ್ ಕಂಡಿತು, ಒತ್ತಿದೆ, ಮತ್ತೆ ಬಂತು. ಅದಕ್ಕೆಂತ ಕೇಳೋದು ಅಂತ ನಿನ್ನ ಕರೀಲಿಲ್ಲ" ಎಂದು ಅಮ್ಮ ಆಮೇಲೆ ಹೇಳಿದಳು.

ಅವಳು ಮಾಡಿದ್ದರಲ್ಲಿ ತಪ್ಪೇನಿದೆ ಹೇಳಿ. ಓದಲು ಬಾರದ ಭಾಷೆಯ ಎದುರು ಯಾರಾದರೂ ಮಾಡುವುದು ಅದನ್ನೇ. ತಪ್ಪು ನನ್ನದು. ಜರ್ಮನ್‌ನಲ್ಲಿ ಏನೇ ಮೆಸೇಜ್ ಬಂದರೂ ಒಮ್ಮೆ ನನಗೆ ತೋರಿಸು ಅನ್ನುವ ಒಂದು ಮಾತನ್ನು ನಾನು ಹೇಳಿರಲಿಲ್ಲ.

ಮೂರನೇ ದಿನ ಸಂಜೆ ಅಮ್ಮ ಮತ್ತೆ ಅದೇ ಕುರ್ಚಿಯಲ್ಲಿ ಕೂತಾಗ ಏನೋ ಕೆಲಸಕ್ಕೆ ಅವಳ ಫೋನ್ ತೆಗೆದುಕೊಂಡವಳು ಮೆಸೇಜುಗಳ ಸಾಲು ನೋಡಿ ಹೌಹಾರಿದೆ. ಎರಡು ಸಂಜೆ ಸೇರಿಸಿದರೆ ಮಾತಾಡಿದ್ದು ಮುಕ್ಕಾಲು ಗಂಟೆಯೂ ಇಲ್ಲ. ಒಕ್ಕೂಟದ ಹೊರಗಿನ ದೇಶಗಳಿಗೆ ನಮ್ಮ ಪ್ಲಾನಿನಲ್ಲಿ 1 ಎಂಬಿಗೆ ಸುಮಾರು ಒಂದು ಯೂರೊ. ವಿಡಿಯೊ ಕಾಲ್ ನಿಮಿಷಕ್ಕೆ ಐದಾರು ಎಂಬಿ ನುಂಗುತ್ತದೆ. ಅಂದರೆ ಚಿಕ್ಕಮ್ಮ ಹಲಸಿನ ಹಪ್ಪಳದ ಕಥೆ ಹೇಳಿ ಮುಗಿಸುವಷ್ಟರಲ್ಲಿ ಐವತ್ತು ಯೂರೊ.

ಇದು ಹೇಗೆ ಆಗುತ್ತದೆ ಎಂದು ಗೊತ್ತಿದ್ದರೆ ತಪ್ಪಿಸಿಕೊಳ್ಳುವುದು ಸುಲಭ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫೋನಿಗೆ ದೇಶದ ಗಡಿ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಟವರ್ ಮಾತ್ರ. ನೆಲದ ಮೇಲಾದರೆ ಸಿಗ್ನಲ್‌ಗೆ ಗುಡ್ಡ, ಕಟ್ಟಡ, ಮರ ಅಡ್ಡ ಬರುತ್ತವೆ. ನೀರಿನ ಮೇಲೆ ಅಡ್ಡ ಬರುವುದು ಏನೂ ಇಲ್ಲ, ಆಚೆ ದಡದ್ದು ಸಲೀಸಾಗಿ ಈಚೆ ದಡಕ್ಕೆ ಬರುತ್ತದೆ. ನಿಮ್ಮ ಹೋಟೆಲಿನ ಗೋಡೆ ದ್ವೀಪದ ಕಡೆಯ ಟವರಿಗೆ ಮರೆಯಾಗಿ, ಬಾಲ್ಕನಿ ಸಮುದ್ರಕ್ಕೆ ತೆರೆದುಕೊಂಡಿದ್ದರೆ ಗ್ರೀಸಿನ ಟವರಿಗಿಂತ ಟರ್ಕಿಯದೇ ಜೋರು. ಇನ್ನೊಂದು ವಿಷಯ ನನಗೂ ಆಮೇಲೆ ತಿಳಿದದ್ದು. ರೋಮಿಂಗ್‌ನಲ್ಲಿರುವ ಫೋನು ಆಗಾಗ ಇನ್ನೂ ಒಳ್ಳೆಯ ನೆಟ್‌ವರ್ಕ್ ಇದೆಯೇ ಎಂದು ಹುಡುಕುತ್ತದೆ ನಿಜ, ಆದರೆ ಆಗ ಹಿಡಿದಿರುವ ನೆಟ್‌ವರ್ಕಿನ ದೇಶದೊಳಗೇ ಹುಡುಕುತ್ತದೆ. ಒಮ್ಮೆ ಟರ್ಕಿಯದನ್ನು ಹಿಡಿಯಿತೆಂದರೆ ಆ ಸಿಗ್ನಲ್ ಕಡಿದುಹೋಗುವ ತನಕ ಗ್ರೀಸಿನ ಕಡೆ ತಿರುಗಿ ನೋಡುವುದಿಲ್ಲ. ಹಾಗಾಗಿ ರೂಮಿಗೆ ಹಿಂತಿರುಗಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ.

ಗಡಿಯಾರ ನೋಡಿಯೂ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಗ್ರೀಸಿಗೂ ಟರ್ಕಿಗೂ ಸಮಯ ಒಂದೇ. ನೆಟ್‌ವರ್ಕ್ ಹೆಸರೂ ಮೋಸ ಮಾಡುತ್ತದೆ. ಗ್ರೀಸಿನಲ್ಲಿ ಇರುವುದು ಕಾಸ್ಮೊಟೆ, ವೊಡಾಫೋನ್, ನೋವಾ. ಆದರೆ ವೊಡಾಫೋನ್ ಹೆಸರಿನ ಜಾಲ ಟರ್ಕಿಯಲ್ಲೂ ಇದೆ. ಹೆಸರಿನ ಪಕ್ಕ ಜಿಆರ್ ಅಂತ ಇದೆಯೋ ಟಿಆರ್ ಅಂತ ಇದೆಯೋ ನೋಡಬೇಕು. ಹೆಸರಿನ ಬದಲು ಅಂಕಿ ಕಂಡರೆ 202ರಿಂದ ಶುರುವಾಗುವುದು ಗ್ರೀಸ್, 286 ಟರ್ಕಿ.

ಮಾಡಬೇಕಾದದ್ದು ಒಂದೇ ಕೆಲಸ. ಇಳಿದ ಕೂಡಲೇ ನೆಟ್‌ವರ್ಕನ್ನು ಕೈಯಾರೆ ಆರಿಸಿಡಿ. ಐಫೋನ್‌ನಲ್ಲಿ ಮೊಬೈಲ್ ಡೇಟಾ ಸೆಟ್ಟಿಂಗ್ಸ್ ಒಳಗೆ ನೆಟ್‌ವರ್ಕ್ ಸೆಲೆಕ್ಷನ್ ಅಂತ ಇರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಕನೆಕ್ಷನ್ಸ್, ಮೊಬೈಲ್ ನೆಟ್‌ವರ್ಕ್ಸ್, ಅದರೊಳಗೆ ನೆಟ್‌ವರ್ಕ್ ಆಪರೇಟರ್ಸ್. ಆಟೊಮ್ಯಾಟಿಕ್ ಅನ್ನುವುದನ್ನು ತೆಗೆದರೆ ಒಂದೆರಡು ನಿಮಿಷ ಹುಡುಕಿ ಪಟ್ಟಿ ಕೊಡುತ್ತದೆ, ಅದರಲ್ಲಿ ಗ್ರೀಸಿನದನ್ನು ಒತ್ತಿ. ಆಮೇಲೆ ಗ್ರೀಸಿನ ಸಿಗ್ನಲ್ ಹೋದರೆ ಫೋನು ಸುಮ್ಮನೆ ನೋ ಸರ್ವಿಸ್ ತೋರಿಸುತ್ತದೆ, ಆಚೆ ದಡಕ್ಕೆ ಜಿಗಿಯುವುದಿಲ್ಲ. ಹಾಗಂತ ಭಯ ಬೇಡ, ತುರ್ತು ಕರೆ 112 ಆಗಲೂ ಸಿಕ್ಕಿದ ನೆಟ್‌ವರ್ಕಿನಲ್ಲಿ ಹೋಗುತ್ತದೆ. ಇದನ್ನು ನಿಮ್ಮ ಫೋನಿಗೆ ಮಾತ್ರ ಮಾಡಿ ಕೂರಬೇಡಿ, ಮನೆಯವರೆಲ್ಲರ ಫೋನಿಗೂ ಮಾಡಿ. ವಯಸ್ಸಾದವರ ಫೋನಿಗೆ ಮೊದಲು ಮಾಡಿ.

ಊರಿಂದಲೇ ಬರುವವರು ಭಾರತದ ಸಿಮ್‌ಗೆ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡಿದ್ದರೆ ಪಟ್ಟಿಯಲ್ಲಿ ಗ್ರೀಸ್ ಇದ್ದರೆ ಸಾಲದು, ಟರ್ಕಿಯೂ ಇದೆಯೇ ನೋಡಿಕೊಳ್ಳಿ. ಇಸಿಮ್, ಅಂದರೆ ಚಿಪ್ ತೂರಿಸದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್, ಹಾಕಿಕೊಂಡು ಬರುವವರು ಒಂದು ಮಟ್ಟಿಗೆ ಸುರಕ್ಷಿತ: ಗ್ರೀಸಿಗೆ ಮಾತ್ರ ಎಂದು ಕೊಂಡ ಪ್ರಿಪೇಯ್ಡ್ ಇಸಿಮ್ ಟರ್ಕಿಯ ಟವರಿನಲ್ಲಿ ನಡೆಯುವುದೇ ಇಲ್ಲ, ಬಿಲ್ಲೂ ಬರುವುದಿಲ್ಲ. ಆದರೆ ಅದೇ ಫೋನಿನಲ್ಲಿ ಒಟಿಪಿಗೆಂದು ಇಟ್ಟ ಊರಿನ ಸಿಮ್‌ನ ಡೇಟಾ ರೋಮಿಂಗ್ ಆಫ್ ಇರಲೇಬೇಕು. ಐಫೋನ್‌ನಲ್ಲಿ ಒಂದು ಸಿಮ್ ಕೈಕೊಟ್ಟರೆ ಇನ್ನೊಂದರ ಡೇಟಾ ತೆಗೆದುಕೊಳ್ಳುವ ಡೇಟಾ ಸ್ವಿಚಿಂಗ್ ಅನ್ನುವ ಆಯ್ಕೆ ಇದೆ, ಅದನ್ನೂ ಆಫ್ ಮಾಡಿ. ಲಂಡನ್ನಿನಿಂದ, ಜ್ಯೂರಿಕ್‌ನಿಂದ ಹೋಗುವ ನಮ್ಮವರಿಗೆ ಇನ್ನೊಂದು ಮಾತು. ಬ್ರಿಟನ್, ಸ್ವಿಟ್ಜರ್ಲೆಂಡ್ ಸಿಮ್‌ಗಳಿಗೆ ಒಕ್ಕೂಟದ ಈ ರಕ್ಷಣೆ ತಾನಾಗಿ ಸಿಗುವುದಿಲ್ಲ, ನಿಮ್ಮ ಪ್ಲಾನಿನಲ್ಲಿ ಏನು ಬರೆದಿದೆಯೋ ಅಷ್ಟೇ.

ಕೋಸ್ ಒಂದರ ಕಥೆಯಲ್ಲ ಇದು. ಕೋರ್ಫು ದ್ವೀಪದ ಈಶಾನ್ಯ ದಡದಲ್ಲಿ, ಕಸ್ಸಿಯೋಪಿ ಕಡೆ, ಎದುರಿಗಿರುವುದು ಅಲ್ಬೇನಿಯಾ. ಅಲ್ಲಿ ಮಾತ್ರ ಫೋನಿನ ಗಡಿಯಾರ ಒಂದು ಗಂಟೆ ಹಿಂದೆ ಹೋದರೆ ಸುಳಿವು ಸಿಕ್ಕಿತು ಅಂದುಕೊಳ್ಳಿ. ಸೈಪ್ರಸ್‌ನ ರಾಜಧಾನಿ ನಿಕೋಸಿಯಾದಲ್ಲಂತೂ ಊರಿನ ನಡುವೆಯೇ ಗಡಿಗೆರೆ ಹಾದುಹೋಗಿದೆ, ಟರ್ಕಿಯ ಹಿಡಿತದಲ್ಲಿರುವ ಉತ್ತರ ಭಾಗದ ನೆಟ್‌ವರ್ಕಿಗೆ ಒಕ್ಕೂಟದ ದರ ಇಲ್ಲ. ಅಥೆನ್ಸಿನ ಬಂದರು ಪಿರೇಯಸ್‌ನಿಂದ ರಾತ್ರಿ ಹಡಗಿನಲ್ಲಿ ದ್ವೀಪಗಳಿಗೆ ಹೋಗುವವರು ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ ಮಲಗಿ. ದಡ ದೂರವಾದ ಮೇಲೆ ಕೆಲವು ಹಡಗುಗಳಲ್ಲಿ ಉಪಗ್ರಹದ ಮೂಲಕ ನಡೆಯುವ ಹಡಗಿನದೇ ನೆಟ್‌ವರ್ಕ್ ಇರುತ್ತದೆ. ಅದರ ದರದ ಮುಂದೆ ಟರ್ಕಿಯದು ಏನೂ ಅಲ್ಲ.

ಬಿಲ್ ಬಂದ ಮೇಲೆ ಏನು ಮಾಡಿದೆವು ಎಂದು ಹೇಳಬೇಕು. ಕಂಪನಿಗೆ ಫೋನ್ ಮಾಡಿದರೆ "ನೀವು ಟರ್ಕಿಯಲ್ಲಿದ್ದಿರಿ, ಮೆಸೇಜ್ ಕಳಿಸಿದ್ದೇವೆ, ಒಪ್ಪಿದ್ದೀರಿ" ಎಂದು ಒಂದೇ ರಾಗ. ಫೋನಿನಲ್ಲಿ ವಾದ ಮಾಡುವುದು ಬಿಟ್ಟು ಬರೆದು ಕಳಿಸಿದೆ. ಜರ್ಮನಿಯಲ್ಲಿ ಬಿಲ್ ಕೈಸೇರಿದ ಎಂಟು ವಾರದೊಳಗೆ ತಕರಾರು ಹಾಕಬಹುದು. ಯಾವ ದಿನ ಎಷ್ಟು ಹೊತ್ತಿಗೆ ಎಷ್ಟು ಡೇಟಾ ಎಂದು ವಿವರ ಕೇಳಿ ತರಿಸಿಕೊಂಡೆ. ಅದರ ಪಕ್ಕಕ್ಕೆ ಹೋಟೆಲಿನ ರಸೀದಿ ಇಟ್ಟೆ, ವಿಮಾನದ ಟಿಕೆಟ್ ಇಟ್ಟೆ, ಟರ್ಕಿಯ ಮುದ್ರೆ ಇಲ್ಲದ ಅಮ್ಮನ ಪಾಸ್‌ಪೋರ್ಟಿನ ಪುಟಗಳನ್ನು ಇಟ್ಟೆ. ಎರಡು ಪತ್ರ, ಐದು ವಾರ ಆದಮೇಲೆ ಅರ್ಧ ದುಡ್ಡು ಬಿಟ್ಟರು, ಅದೂ ಸೌಜನ್ಯಕ್ಕಾಗಿ ಎಂದು ಬರೆದು. ಇನ್ನರ್ಧಕ್ಕೆ ದೂರಸಂಪರ್ಕದ ಸರ್ಕಾರಿ ಸಂಧಾನ ಕಚೇರಿಗೆ ಅರ್ಜಿ ಹಾಕಬಹುದಿತ್ತು. ಅಷ್ಟರಲ್ಲಿ ಅಪ್ಪ ಅಮ್ಮ ಹೊರಡುವ ದಿನ ಹತ್ತಿರ ಬಂದಿತ್ತು, ಬಿಟ್ಟುಬಿಟ್ಟೆ. ನೀವು ಬಿಡಬೇಡಿ.

ದುಡ್ಡಿಗಿಂತ ನನಗೆ ನೋವಾದದ್ದು ಬೇರೆ. ವಿಷಯ ಗೊತ್ತಾದ ಮೇಲೆ ಅಮ್ಮ ಉಳಿದ ಎರಡು ದಿನ ಫೋನನ್ನೇ ಮುಟ್ಟಲಿಲ್ಲ. ಸರಿಮಾಡಿದ್ದೇನೆ, ಈಗ ಮಾತಾಡು ಎಂದು ಎಷ್ಟು ಹೇಳಿದರೂ "ಬ್ಯಾಡ ಮಾರಾಯ್ತಿ, ಊರಿಗೆ ಹೋದಮೇಲೆ ಮಾತಾಡಿದ್ರಾಯ್ತು" ಅಂದಳು. ಪ್ರಾಚೀನ ಗ್ರೀಕ್ ವೈದ್ಯ ಹಿಪ್ಪೊಕ್ರೆಟಿಸ್ ಪಾಠ ಹೇಳುತ್ತಿದ್ದ ಎನ್ನುವ ಹಳೆಯ ಮರದ ಕೆಳಗೆ ನಿಂತಾಗಲೂ ಚಿಕ್ಕಮ್ಮನಿಗೆ ತೋರಿಸೋಣ ಎಂದು ನಾನೇ ಕಾಲ್ ಮಾಡಿ ಕೈಗೆ ಕೊಟ್ಟೆ. ಅವಳು ಎರಡೇ ಮಾತಾಡಿ ವಾಪಸ್ ಕೊಟ್ಟಳು.

ಮರೆಯುವ ಮುಂಚೆ ಇನ್ನೊಂದು. ವಾಪಸ್ ಬಂದ ಕೂಡಲೇ ಎಲ್ಲ ಫೋನುಗಳಲ್ಲೂ ಆಟೊಮ್ಯಾಟಿಕ್ ಮತ್ತೆ ಆನ್ ಮಾಡಿ. ಮ್ಯೂನಿಕ್ ವಿಮಾನ ನಿಲ್ದಾಣದಲ್ಲಿ ಲಗೇಜಿಗೆ ಕಾಯುವಾಗ ಅಪ್ಪ ಅಮ್ಮನನ್ನು ಒಂದು ಕಡೆ ಕೂರಿಸಿ ನಾನು ಟ್ರಾಲಿ ತರಲು ಹೋಗಿದ್ದೆ. ಆ ಹೊತ್ತಿನಲ್ಲಿ ಅವರು ಶೌಚಾಲಯ ಹುಡುಕಿಕೊಂಡು ಬೇರೆ ಕಡೆ ನಡೆದಿದ್ದರು. ಇಪ್ಪತ್ತು ನಿಮಿಷ ಅಮ್ಮನಿಗೆ ಕಾಲ್ ಮಾಡುತ್ತಲೇ ಇದ್ದೆ, ಹೋಗಲೇ ಇಲ್ಲ. ಅವಳ ಫೋನು ಜರ್ಮನಿಯಲ್ಲಿ ನಿಂತು ಇನ್ನೂ ಗ್ರೀಸಿನ ಟವರನ್ನೇ ಹುಡುಕುತ್ತಿತ್ತು.