ತೊಡೆಯವರೆಗಿನ ಸ್ಟಾಕಿಂಗ್ಸಿಗೆ ಎರಡು ಸ್ಟಾರ್, ಮಂಡಿಯವರೆಗಿನದಕ್ಕೆ ನಾಲ್ಕು

ಮಂಡಿ ಬದಲಾಯಿಸಿಕೊಂಡು ಬಂದವರನ್ನು ಎಲ್ಲರೂ ಕೇಳುವುದು ಮಂಡಿಯ ಬಗ್ಗೆಯೇ. ಎಷ್ಟು ಮಡಚುತ್ತೆ, ಮೆಟ್ಟಿಲು ಹತ್ತುತ್ತೀರಾ, ಎಷ್ಟು ಖರ್ಚಾಯ್ತು. ಆಪರೇಷನ್ ಆದ ಮೇಲೆ ಕಾಲಿಗೆ ಹಾಕಿಸುವ ಬಿಗಿ ಸ್ಟಾಕಿಂಗ್ಸ್ ಬಗ್ಗೆ ಯಾರೂ ಕೇಳಲ್ಲ. ನನಗೆ ಆಪರೇಷನ್‌ಗಿಂತ ಜಾಸ್ತಿ ಕಾಟ ಕೊಟ್ಟಿದ್ದು ಅದೇ. ಅದೂ ಮೈಸೂರಿನ ಏಪ್ರಿಲ್ ಬಿಸಿಲಲ್ಲಿ.

ಏನಿದು, ಯಾಕೆ ಹಾಕುತ್ತಾರೆ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಓಡಾಡುವಾಗ ಮೀನಖಂಡ ಹಿಂಡಿ ಹಿಂಡಿ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಮಲಗೇ ಇದ್ದರೆ ರಕ್ತ ಕೆಳಗೇ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅದಕ್ಕೇ ಈ ಬಿಗಿ ಚೀಲ. ಆಸ್ಪತ್ರೆಯ ಬಿಳಿ ಸ್ಟಾಕಿಂಗ್ಸ್ ಕಣಕಾಲಿನ ಹತ್ತಿರ ಸುಮಾರು 18 ಎಂಎಂ (ಬಿಪಿ ಅಳೆಯುವ ಅದೇ ಪಾದರಸದ ಲೆಕ್ಕ) ಒತ್ತಡದಲ್ಲಿ ಹಿಡಿಯುತ್ತದೆ, ತೊಡೆಗೆ ಬರುವ ಹೊತ್ತಿಗೆ 8ಕ್ಕೆ ಇಳಿಯುತ್ತದೆ. ನನಗೆ ಸಕ್ಕರೆ ಇರುವುದರಿಂದ ಡಾಕ್ಟರು ಮೊದಲು ಪಾದದ ನಾಡಿ ಮುಟ್ಟಿ ನೋಡಿದರು. ಕಾಲಿಗೆ ರಕ್ತ ಹೋಗುವ ನಾಳವೇ ಕಟ್ಟಿಕೊಂಡಿದ್ದರೆ ಇದನ್ನು ಹಾಕುವ ಹಾಗಿಲ್ಲವಂತೆ. ಪಕ್ಕದ ಮನೆಯವರು ‘ನಿಮ್ಮದು ಮುಗಿದ ಮೇಲೆ ನಮ್ಮ ಯಜಮಾನರಿಗೆ ಕೊಡಿ’ ಅಂದಾಗ ನಾನು ಕೊಡದೇ ಇದ್ದದ್ದು ಜಿಪುಣತನಕ್ಕಲ್ಲ.

ಈಗ ಹಾಕುವ ಕಥೆ. ಮಂಡಿ ಸರಿಯಾಗಿ ಮಡಚದವರಿಗೆ ಕೈ ಪಾದದ ತನಕ ಹೋಗುವುದೇ ಇಲ್ಲ. ಅಂದರೆ ಇನ್ನೊಬ್ಬರು ಬೇಕೇ ಬೇಕು. ನಮ್ಮ ಮನೆಯಲ್ಲಿ ಆ ಇನ್ನೊಬ್ಬರು ಸೊಸೆ. ಬೆಳಿಗ್ಗೆ ಅವಳ ಆಫೀಸಿನ ಕ್ಯಾಬ್ ಬರುವ ಮುಂಚೆ ಈ ಕೆಲಸ ಆಗಬೇಕು. ಊದಿದ ಕಾಲಿಗೆ ಆ ಚೀಲ ಏರಿಸುವುದೆಂದರೆ ಹಲಸಿನ ಹಣ್ಣಿಗೆ ದಿಂಬಿನ ಕವರ್ ತೊಡಿಸಿದ ಹಾಗೆ.

ಮೊದಲು ಸ್ಟಾಕಿಂಗ್ಸ್ ಒಳಗೆ ಕೈ ಹಾಕಿ ಹಿಮ್ಮಡಿಯ ಜಾಗ ಹಿಡಿದುಕೊಂಡು ಅಲ್ಲಿಯವರೆಗೆ ಒಳಗನ್ನು ಹೊರಗೆ ಮಾಡಬೇಕು. ಆಮೇಲೆ ಪಾದ ತೂರಿಸಿ ಹಿಮ್ಮಡಿ ಸರಿಯಾಗಿ ಅದರ ಜಾಗದಲ್ಲಿ ಕೂತಿದೆಯಾ ನೋಡಬೇಕು. ಅದು ಒಂದು ಬೆರಳು ಆಚೀಚೆ ಆದರೂ ಮೇಲೆ ಎಲ್ಲವೂ ಸೊಟ್ಟ. ಆಮೇಲೆ ಸ್ವಲ್ಪ ಸ್ವಲ್ಪವೇ ಮೇಲಕ್ಕೆ. ತುದಿ ಹಿಡಿದು ಎಳೆಯಬಾರದು, ಅಂಗೈಯಿಂದ ಸವರುತ್ತಾ ಏರಿಸಬೇಕು. ಇದಕ್ಕೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್‌ನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಬಟ್ಟೆ ಹಿಡಿತಕ್ಕೆ ಸಿಗುತ್ತದೆ, ಉಗುರು ತಾಗಿ ಎಳೆ ಕೀಳುವುದಿಲ್ಲ. ‘ಅತ್ತೆ, ಹಿಂಸೆ ಆಗ್ತಿದ್ಯಾ?’ ಅಂತ ಸೊಸೆ ಕೇಳುತ್ತಿದ್ದಳು. ಆಗುತ್ತಿತ್ತು. ‘ಇಲ್ಲಮ್ಮ, ಎಳಿ’ ಅನ್ನುತ್ತಿದ್ದೆ.

ಕಾಲುಂಗುರದ ಬಗ್ಗೆ ಯಾವ ಡಬ್ಬಿಯ ಮೇಲೂ ಬರೆದಿಲ್ಲ. ಆಪರೇಷನ್‌ಗೆ ಮುಂಚೆ ತೆಗೆಸಿದ್ದರು. ಮನೆಗೆ ಬಂದ ಮೇಲೆ ನಮ್ಮಕ್ಕ ಸುಮ್ಮನಿರಲಾರದೆ ಮತ್ತೆ ಹಾಕಿದರು. ಮಾರನೆಯ ಬೆಳಿಗ್ಗೆಯೇ ಅದಕ್ಕೆ ಸಿಕ್ಕಿಕೊಂಡು ಸ್ಟಾಕಿಂಗ್ಸ್‌ನ ಒಂದು ಎಳೆ ಉದ್ದಕ್ಕೆ ಬಿಟ್ಟುಕೊಂಡಿತು.

ಇಷ್ಟೆಲ್ಲ ಸಹಿಸಬಹುದು. ನಾನು ಎರಡೇ ಸ್ಟಾರ್ ಕೊಟ್ಟಿರುವುದು ಒಂದೇ ಕಾರಣಕ್ಕೆ: ಜಾರುತ್ತದೆ. ತೊಡೆಯ ಹತ್ತಿರ ಒಳಗಡೆ ಸಿಲಿಕೋನ್ ಪಟ್ಟಿ ಇದೆ, ಚರ್ಮಕ್ಕೆ ಅಂಟಿ ನಿಲ್ಲಲಿ ಅಂತ. ಬೆವರಿದರೆ ಅದು ಅಂಟುವುದಿಲ್ಲ. ಹತ್ತು ಗಂಟೆ ಹೊತ್ತಿಗೆ ಮೇಲಿನ ಅಂಚು ಸುರುಳಿ ಸುತ್ತಿಕೊಂಡು ಕೆಳಗಿಳಿದು ಮಂಡಿಯ ಹಿಂಭಾಗದಲ್ಲಿ ಹಗ್ಗದ ಥರ ಬಿಗಿಯುತ್ತಿತ್ತು. ತೆಗೆದು ನೋಡಿದರೆ ಕೆಂಪು ಗೀರು. ರಕ್ತ ಮೇಲಕ್ಕೆ ಹೋಗಲಿ ಅಂತ ಹಾಕಿದ್ದು ಅಲ್ಲೇ ರಕ್ತವನ್ನು ತಡೆಯುತ್ತಿದೆ, ಅಲ್ವಾ? ವಾಕರ್ ಹಿಡಿದವಳಿಗೆ ಅದನ್ನು ಮೇಲಕ್ಕೆ ಎಳೆದುಕೊಳ್ಳಲು ಮೂರನೇ ಕೈ ಎಲ್ಲಿಂದ ಬರಬೇಕು? ಮನೆಯಲ್ಲಿ ಆ ಹೊತ್ತಿಗೆ ಇರುವವರು ನಮ್ಮ ಯಜಮಾನರು. ಅವರು ಹಾಕಿದರೆ ಹಿಮ್ಮಡಿ ಹೋಗಿ ಕಣಕಾಲಿನ ಮೇಲೆ ಕೂತಿರುತ್ತದೆ.

ಅಳತೆಯದೂ ತಪ್ಪಿದೆ. ಮೊದಲ ಜೊತೆ ಆಸ್ಪತ್ರೆಯಲ್ಲೇ ಕೊಟ್ಟಿದ್ದು, ಕಾಲು ಪೂರ್ತಿ ಊದಿದ್ದಾಗ ಅಳತೆ ತೆಗೆದದ್ದು. ಊತ ಇಳಿಯುತ್ತಾ ಬಂದ ಹಾಗೆ ಅದು ಸಡಿಲವಾಯಿತು. ಎರಡನೇ ಜೊತೆ ತರಲು ಮೆಡಿಕಲ್ ಶಾಪ್‌ಗೆ ಮಗ ಹೋದರೆ ‘ಲಾರ್ಜ್ ಕೊಡ್ಲಾ, ಎಕ್ಸ್‌ಎಲ್ ಕೊಡ್ಲಾ’ ಅಂದರಂತೆ. ಟೀ ಶರ್ಟಾ ಇದು? ಕಣಕಾಲು, ಮೀನಖಂಡ, ತೊಡೆ, ಮೂರು ಕಡೆ ಟೇಪ್ ಹಿಡಿಯಬೇಕು, ಅದೂ ಬೆಳಿಗ್ಗೆ ಊತ ಕಡಿಮೆ ಇದ್ದಾಗ. ಎರಡೂವರೆ ಸಾವಿರ ತೆತ್ತು ತಂದದ್ದು ಸರಿಹೋಗಲಿಲ್ಲ. ಒಮ್ಮೆ ಪ್ಯಾಕೆಟ್ ಒಡೆದರೆ ವಾಪಸ್ ತಗೊಳ್ಳಲ್ಲ. ಒಳಗೆ ಕೂರಿಸುವ ಕೃತಕ ಮಂಡಿಗಾದರೆ (ಇಂಪ್ಲಾಂಟ್) 2017ರ ಆಗಸ್ಟ್‌ನಲ್ಲಿ ಸರ್ಕಾರವೇ ಬೆಲೆ ಕಟ್ಟಿತು, ಸಾಮಾನ್ಯವಾಗಿ ಹಾಕುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ 54,720 ರೂಪಾಯಿ, ಮೇಲೆ ತೆರಿಗೆ. ಅದರ ಪಕ್ಕದಲ್ಲಿ ಈ ಎರಡೂವರೆ ಸಾವಿರ ಚಿಲ್ಲರೆ ಅನ್ನಿಸಬಹುದು. ಪೆನ್ಷನ್‌ನಲ್ಲಿ ಇರುವವರಿಗೆ ಅನ್ನಿಸಲ್ಲ.

ಹೊಲಿಗೆ ಬಿಚ್ಚಿಸಲು ಹೋದಾಗ ಕೆಂಪು ಗೀರು ತೋರಿಸಿ ಜಗಳವನ್ನೇ ಮಾಡಿದೆ ಅನ್ನಿ. ಡಾಕ್ಟರು ಕೋಪ ಮಾಡಿಕೊಳ್ಳಲಿಲ್ಲ. ‘ಅಮ್ಮಾ, ನೀವು ಓಡಾಡ್ತಾ ಇದ್ದೀರಿ, ರಕ್ತ ತೆಳ್ಳಗಾಗೋ ಮಾತ್ರೆಯೂ ನಡೀತಿದೆ. ಮಂಡಿಯವರೆಗಿನದು ಸಾಕು’ ಅಂದರು. ಬೇರೆ ಆಸ್ಪತ್ರೆಯಲ್ಲಿ ಮಾಡಿಸಿಕೊಂಡ ನನ್ನ ತಂಗಿಗೆ ಸ್ಟಾಕಿಂಗ್ಸ್ ಕೊಡಲೇ ಇಲ್ಲ, ಬರೀ ಮಾತ್ರೆ. ಒಬ್ಬೊಬ್ಬ ಡಾಕ್ಟರದು ಒಂದೊಂದು ಪದ್ಧತಿ. ನಿಮ್ಮ ಡಾಕ್ಟರನ್ನು ಕೇಳದೆ ನನ್ನ ಮಾತು ಕೇಳಿ ಬದಲಾಯಿಸಬೇಡಿ.

ಮಂಡಿಯವರೆಗಿನದು ಬಂದ ಮೇಲೆ ಮನೆಯಲ್ಲಿ ಶಾಂತಿ. ಚರ್ಮದ ಬಣ್ಣದ್ದು, ಬೆರಳು ತೆರೆದಿರುವಂಥದ್ದು. ತೆರೆದ ಬೆರಳಿನದಕ್ಕೆ ಫಿಸಿಯೋ ಹುಡುಗಿ ಒಂದು ಉಪಾಯ ಹೇಳಿಕೊಟ್ಟಳು. ಪಾದಕ್ಕೆ ತೆಳ್ಳನೆಯ ಪ್ಲಾಸ್ಟಿಕ್ ಕವರ್ ಹಾಕಿ, ಅದರ ಮೇಲೆ ಸ್ಟಾಕಿಂಗ್ಸ್ ಏರಿಸಿ, ಕೊನೆಗೆ ಬೆರಳ ಕಡೆಯಿಂದ ಕವರನ್ನು ಸರ್ರನೆ ಎಳೆದುಬಿಡುವುದು. ಜಾರಿಕೊಂಡು ಹೋಗುತ್ತದೆ! ಯಜಮಾನರಿಗೂ ಬಂದುಬಿಟ್ಟಿತು. ಬೆರಳು ಕಣ್ಣೆದುರಿಗೇ ಇರುವುದರಿಂದ ಆಗಾಗ ಉಗುರು ಒತ್ತಿ ನೋಡುತ್ತೇನೆ, ಬಿಳಿಚಿಕೊಂಡದ್ದು ತಕ್ಷಣ ಕೆಂಪಾದರೆ ಸರಿ. ಬೆರಳು ನೀಲಿಯಾದರೆ, ಜೋಮು ಹಿಡಿದರೆ ತೆಗೆಯಬೇಕು. ಮೀನಖಂಡ ನೋವಿನ ಜೊತೆ ಊದಿದರೆ, ಉಸಿರು ಕಟ್ಟಿದರೆ ಸೀದಾ ಆಸ್ಪತ್ರೆಗೆ, ನಾಳೆ ನೋಡೋಣ ಅನ್ನಬಾರದು.

ನಮ್ಮದು ಹಳೆಯ ರೆಡ್ ಆಕ್ಸೈಡ್ ನೆಲ. ಸ್ಟಾಕಿಂಗ್ಸ್ ಕಾಲಲ್ಲಿ ಅದರ ಮೇಲೆ ನಡೆಯುವುದು ಅಪಾಯ. ಜನ್ಮದಲ್ಲೇ ಮನೆಯೊಳಗೆ ಚಪ್ಪಲಿ ಹಾಕದವಳು ಈಗ ಹಿಡಿತವಿರುವ ಚಪ್ಪಲಿ ಹಾಕಿ ಅಡುಗೆಮನೆಗೆ ಹೋಗುತ್ತೇನೆ. ಚಪ್ಪಲಿ ಹಾಕಿ ದೇವರಮನೆಗೆ ಹೋಗಲಾಗದೆ ಹೊಸ್ತಿಲ ಹೊರಗೇ ಕುರ್ಚಿ ಹಾಕಿ ಕೂರುತ್ತೇನೆ.

ರಾತ್ರಿ ತೆಗೆಯುವ ಹೊತ್ತಿನ ಸುಖ ಮಾತ್ರ ನಿರೀಕ್ಷೆ ಮಾಡಿರಲಿಲ್ಲ. ನಮ್ಮ ಡಾಕ್ಟರು ಮಲಗುವಾಗ ಬೇಡ ಅಂದ ದಿನದಿಂದ ಒಂಬತ್ತು ಗಂಟೆಗೆ ಕಾಯುತ್ತೇನೆ. ಮೆಲ್ಲಗೆ ಸುಲಿದರೆ ಕಾಲ ಮೇಲೆಲ್ಲ ಹೆಣಿಗೆಯ ಅಚ್ಚು. ಫ್ಯಾನಿನ ಗಾಳಿ ಅಲ್ಲಿಗೆ ತಾಗಿದಾಗ ಆಗುವ ಹಿತ ಹೇಳಲಾರೆ. ಆಮೇಲೆ ಕೊಬ್ಬರಿ ಎಣ್ಣೆ, ಗಾಯದ ಗೆರೆ ಬಿಟ್ಟು. ಬೆಳಿಗ್ಗೆ ಕಾಲು ತೊಳೆದು ಒರೆಸಿಯೇ ಹಾಕುತ್ತೇನೆ, ಎಣ್ಣೆಗೆ ಎಲಾಸ್ಟಿಕ್ ಬೇಗ ಹಾಳಾಗುತ್ತದೆ.

ಒಗೆಯಲು ಬಕೆಟ್‌ನಲ್ಲಿ ಸ್ವಲ್ಪ ಲಿಕ್ವಿಡ್ ಸೋಪು ಸಾಕು. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ಬಿಸಿಲಿಗೆ ಬೇಡ, ನೆರಳಲ್ಲಿ ಚಪ್ಪಟೆ ಹಾಸಿ. ಎರಡು ಜೊತೆ ಇದ್ದರೆ ಒಂದು ಒಣಗುವಾಗ ಇನ್ನೊಂದು. ಆರು ತಿಂಗಳಿಗೆ ಬಿಗಿ ಹೋಗುತ್ತದೆ, ಬದಲಾಯಿಸಬೇಕು. ಬಲ ಮಂಡಿಯದೂ ಈಗ ಸದ್ದು ಶುರುವಾಗಿದೆ. ಅದಕ್ಕೆ ದಿನ ಗೊತ್ತಾದರೆ ಡಾಕ್ಟರನ್ನು ಮೊದಲು ಕೇಳುವುದು ಯಾವ ಅಳತೆಯ ಸ್ಟಾಕಿಂಗ್ಸ್ ಅಂತಲೇ.